ಓದುಗರ ಪ್ರಶ್ನೆ: ಎಕ್ಸ್‌ಚೇಂಜ್ ವಿದ್ಯಾರ್ಥಿಗಳ ಜೊತೆ ಕೊಡಗಿನಿಂದ ದ್ವೀಪಕ್ಕೆ

ಚಳಿಗಾಲದ ರಜೆ ಹತ್ತಿರವಾಗುತ್ತಿದ್ದಂತೆ ಕಾಲೇಜುಗಳಿಂದಲೂ ಮನೆಗಳಿಂದಲೂ ಒಂದೇ ಬಗೆಯ ಪತ್ರಗಳು ಬಂದಿವೆ. ವಿದೇಶದಿಂದ ಓದಲು ಬಂದಿರುವ ಮಕ್ಕಳೊಂದಿಗೆ ನಮ್ಮ ಮಕ್ಕಳೂ ದ್ವೀಪ ನೋಡಲು ಹೊರಟಿದ್ದಾರೆ. ಏನು, ಹೇಗೆ, ಎಷ್ಟು ಎಂದು ಎಲ್ಲರೂ ಕೇಳಿದ್ದಾರೆ. ಹೊಳೆ, ಜಲಪಾತ, ಜಿಗಣೆಗಳ ವಿಷಯದಲ್ಲಿ ನಮ್ಮ ಮಕ್ಕಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಸಮುದ್ರದ ಲೆಕ್ಕ ಮಾತ್ರ ಬೇರೆ. ಅದನ್ನು ಹೊರಡುವ ಮೊದಲೇ ತಿಳಿದುಕೊಂಡರೆ ಅಲ್ಲಿ ಕಳೆಯುವ ಪ್ರತಿ ಗಂಟೆಯೂ ಸುಖವಾಗಿರುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿಗೆ ಯುರೋಪಿನಿಂದ 9 ವಿದ್ಯಾರ್ಥಿಗಳು ಒಂದು ಸೆಮಿಸ್ಟರಿಗೆ ಬಂದಿದ್ದಾರೆ. ನಮ್ಮ 15 ಮಕ್ಕಳೂ ಸೇರಿ 24 ಜನ. ಡಿಸೆಂಬರ್‌ನಲ್ಲಿ ಒಂದು ವಾರ ಹೋಗಬೇಕೆಂದಿದ್ದೇವೆ. ಅಂಡಮಾನ್, ಲಕ್ಷದ್ವೀಪ, ಮಾಲ್ದೀವ್ಸ್ ಎಂದು ಮೂರು ಹೆಸರು ಬಂದಿವೆ. ಯಾವುದು ಅನುಕೂಲ? ದಿನಗಳನ್ನು ಹೇಗೆ ಹಂಚುವುದು?
ಉಪನ್ಯಾಸಕಿ, ಮಡಿಕೇರಿ

ಅಂಡಮಾನ್‌ಗೆ ಹೋಗಿ. ಮಾಲ್ದೀವ್ಸ್ ಬೇಡ ಎನ್ನುವುದಕ್ಕೆ ಖರ್ಚಿಗಿಂತ ದೊಡ್ಡ ಕಾರಣ ವೀಸಾ. ಒಂದೇ ಪ್ರವೇಶದ ವೀಸಾ ಮೇಲೆ ಬಂದ ವಿದ್ಯಾರ್ಥಿ ಭಾರತದ ಗಡಿ ದಾಟಿದರೆ ಅದೇ ವೀಸಾದಲ್ಲಿ ಮರಳಿ ಬರಲಾಗದು. ಆ 9 ಪಾಸ್‌ಪೋರ್ಟ್‌ಗಳಲ್ಲಿ ಒಂದರಲ್ಲಿ ಹಾಗಿದ್ದರೂ ಗುಂಪು ಒಡೆಯುತ್ತದೆ. ಲಕ್ಷದ್ವೀಪಕ್ಕೆ ನಮ್ಮವರೂ ಪ್ರವೇಶ ಪರವಾನಗಿ ಪಡೆಯಬೇಕು, ವಿದೇಶಿಯರಿಗೆ ತೆರೆದಿರುವ ದ್ವೀಪಗಳೂ ಕೆಲವೇ. 24 ಜನರ ಕಾಗದಪತ್ರ ಒಟ್ಟಿಗೆ ಕೈಸೇರುವಷ್ಟರಲ್ಲಿ ಸೆಮಿಸ್ಟರೇ ಮುಗಿದೀತು.

ಅಂಡಮಾನ್‌ನ ಮುಖ್ಯ ಪ್ರವಾಸಿ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಕಿಲ್ಲ. ವಿದೇಶಿಯರಿಗೆ ಇದ್ದ ಪ್ರತ್ಯೇಕ ಪರವಾನಗಿಯ ಕಟ್ಟುಪಾಡನ್ನು ಜನವಸತಿಯ ಹಲವು ದ್ವೀಪಗಳ ಮಟ್ಟಿಗೆ ಕೇಂದ್ರ ಸರ್ಕಾರ 2018ರಲ್ಲಿ ಸಡಿಲಿಸಿತು. ಪಾಕಿಸ್ತಾನ, ಚೀನಾ, ಅಫ್ಘಾನಿಸ್ತಾನದ ಪ್ರಜೆಗಳಿಗೆ ಆ ಸಡಿಲಿಕೆ ಇರಲಿಲ್ಲ. ಅದನ್ನು ಕಾಲಮಿತಿ ಹಾಕಿ ಕೊಟ್ಟದ್ದರಿಂದ ನೀವು ಹೋಗುವ ತಿಂಗಳಿಗೆ ಯಾವ ನಿಯಮ ಜಾರಿಯಲ್ಲಿದೆ ಎಂದು ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಯಿಂದ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಟಿಕೆಟ್ ಕೊಳ್ಳುವುದು ಆಮೇಲೆ. ಆ ಉತ್ತರದ ಒಂದು ಪ್ರತಿ ಗುಂಪಿನ ಮುಖ್ಯಸ್ಥರ ಬಳಿ ಇರಲಿ.

ಟಿಕೆಟ್ ಮಾಡುವಾಗ ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಯುರೋಪಿನ, ಲ್ಯಾಟಿನ್ ಅಮೆರಿಕದ ಮಕ್ಕಳಿಗೆ ಮೂರು ನಾಲ್ಕು ಭಾಗದ ಹೆಸರುಗಳಿರುತ್ತವೆ. ತರಗತಿಯಲ್ಲಿ ಕರೆಯುವ ಚಿಕ್ಕ ಹೆಸರನ್ನೇ ಹಾಜರಿ ಪಟ್ಟಿಯಿಂದ ನಕಲು ಮಾಡಿ ಟಿಕೆಟ್ ತೆಗೆದರೆ ವಿಮಾನ ನಿಲ್ದಾಣದ ಬಾಗಿಲಲ್ಲೇ ತಡೆಯುತ್ತಾರೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿಸಿ. ಮೂಲ ಪಾಸ್‌ಪೋರ್ಟ್ ಪ್ರತಿ ವಿದ್ಯಾರ್ಥಿಯ ಬಳಿಯೇ ಇರಲಿ. ವಿದೇಶಿ ಅತಿಥಿಯ ವಿವರವನ್ನು ತಂಗುವ ಜಾಗದವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕೊಡಬೇಕು, ನಮ್ಮ ಹೋಂಸ್ಟೇಗಳವರು ಸಿ-ಫಾರ್ಮ್ ಎನ್ನುವುದು ಇದನ್ನೇ. ಅಗ್ಗವೆಂದು ಕಾಯ್ದಿರಿಸಿದ ಜಾಗದವರು ವಿದೇಶಿಯರನ್ನು ಇಟ್ಟುಕೊಳ್ಳುವುದೇ ಇಲ್ಲ ಎಂದುಬಿಟ್ಟರೆ ರಾತ್ರಿ ಬೇರೆ ಜಾಗ ಹುಡುಕುವುದು ಕಷ್ಟ. ಮುಂಗಡ ಕೊಡುವ ಮೊದಲೇ ಕೇಳಿ.

ಇನ್ನು ತಾರೀಖು. ಡಿಸೆಂಬರ್ ಮೊದಲ ವಾರದವರೆಗೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಭಯ ಇರುತ್ತದೆ. ನಮ್ಮ ಸುಗ್ಗಿಹಬ್ಬ ಪುತ್ತರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಕದಿರು ತೆಗೆಯುವ ರಾತ್ರಿ ಆ ಮಕ್ಕಳು ಕೊಡಗಿನಲ್ಲೇ ಇರಬೇಕು, ಅದನ್ನು ಅವರು ಬೇರೆಲ್ಲೂ ಕಾಣಲಾರರು. ಹಾಗಾಗಿ ಡಿಸೆಂಬರ್ ಎರಡನೇ ಭಾಗ ಒಳ್ಳೆಯದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ದರವೂ ಜನವೂ ಏರಿರುತ್ತವೆ, ಅಷ್ಟರೊಳಗೆ ಮರಳಿಬಿಡಿ.

ಮಡಿಕೇರಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನ ವಾಹನ ದಟ್ಟಣೆಯೂ ಸೇರಿ ಏಳು ಗಂಟೆ ಹಿಡಿಯಿರಿ. ಅಲ್ಲಿಂದ ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ. ಇಳಿಯುವ ಊರನ್ನು ಪೋರ್ಟ್ ಬ್ಲೇರ್ ಎಂದು ಓದಿದ್ದೇವೆ, 2024ರಿಂದ ಅದು ಶ್ರೀ ವಿಜಯಪುರಂ. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. ಟಿಕೆಟ್‌ಗಳಲ್ಲಿ ಹಳೆಯದೂ ಹೊಸದೂ ಎರಡೂ ಹೆಸರು ಕಾಣುತ್ತವೆ, ಮಕ್ಕಳಿಗೆ ಮೊದಲೇ ಹೇಳಿಡಿ.

ದಿನಗಳನ್ನು ಹೀಗೆ ಇಡಿ. ಮೊದಲ ದಿನ ಇಳಿದ ಊರಲ್ಲೇ ತಂಗಿ. ಅದೇ ದಿನ ಹಡಗು ಹತ್ತುವ ಆಸೆ ಬೇಡ, ವಿಮಾನ ಒಂದು ಗಂಟೆ ತಡವಾದರೂ 24 ಟಿಕೆಟ್ ಹೋಯಿತು. ಎರಡನೇ ದಿನ ಬೆಳಿಗ್ಗೆಯ ಹಡಗಿಗೆ ಸ್ವರಾಜ್ ದ್ವೀಪಕ್ಕೆ ಹೊರಡಿ. ಖಾಸಗಿ ಹಡಗು ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಸರ್ಕಾರಿ ಹಡಗು ಎರಡು–ಎರಡೂವರೆ. ಮಧ್ಯಾಹ್ನ ರಾಧಾನಗರ ಕಡಲತೀರ. ಮೂರು, ನಾಲ್ಕನೇ ದಿನ ನೀರಿನ ಕೆಲಸಗಳು: 12 ಜನ ಡೈವಿಂಗ್‌ಗೆ (ಗಾಳಿಯ ಸಿಲಿಂಡರ್ ಕಟ್ಟಿ ನೀರೊಳಗೆ ಇಳಿಯುವ ಸ್ಕೂಬಾಗೆ) ಹೋದರೆ ಉಳಿದ 12 ಜನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್ (ಮುಖವಾಡ, ಉಸಿರುಕೊಳವೆ ಹಾಕಿ ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು), ಮರುದಿನ ಅದಲುಬದಲು. ಐದನೇ ದಿನ ಶಹೀದ್ ದ್ವೀಪ. ಆರನೇ ದಿನ ರಾಜಧಾನಿಗೆ ವಾಪಸು, ಮಧ್ಯಾಹ್ನ ಸೆಲ್ಯುಲರ್ ಜೈಲು. ಏಳನೇ ದಿನವನ್ನು ಖಾಲಿ ಇಟ್ಟು ಎಂಟನೇ ದಿನ ವಿಮಾನ ಹಿಡಿದರೆ ನಿಶ್ಚಿಂತೆ. ಗಾಳಿ ಎದ್ದರೆ ಹಡಗುಗಳನ್ನು ರದ್ದು ಮಾಡುತ್ತಾರೆ. ಹೊರದ್ವೀಪದಲ್ಲಿ ಒಂದು ದಿನ ಸಿಕ್ಕಿಬಿದ್ದರೂ ವಿಮಾನ ತಪ್ಪಬಾರದು. ಜೈಲನ್ನು ಕೊನೆಗೆ ಇಟ್ಟದ್ದೂ ಅದಕ್ಕೇ: ಅದನ್ನು ನೋಡಲು ಅಲೆ, ಗಾಳಿ ಯಾವುದರ ಅಪ್ಪಣೆಯೂ ಬೇಡ. 1906ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಹೊರಗಿನ ಮಕ್ಕಳು ಅಲ್ಲಿ ಬಹಳ ಪ್ರಶ್ನೆ ಕೇಳುತ್ತಾರೆ. ಎರಡು ಗಂಟೆಗಿಂತ ಕಡಿಮೆ ಕೊಡಬೇಡಿ, ನಮ್ಮ ಮಕ್ಕಳಲ್ಲಿ ಇಬ್ಬರಾದರೂ ಮೊದಲೇ ಓದಿಕೊಂಡು ಬರಲಿ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳನ್ನು ಏಜೆಂಟರು ಪಟ್ಟಿಗೆ ಸೇರಿಸಿರುತ್ತಾರೆ. ದಾರಿ ಜಾರವಾ ಎಂಬ ಬುಡಕಟ್ಟು ಜನರ ಮೀಸಲು ಕಾಡಿನೊಳಗೆ ಹೋಗುತ್ತದೆ. ವಾಹನಗಳನ್ನು ಪೊಲೀಸ್ ಬೆಂಗಾವಲಿನಲ್ಲಿ ಸಾಲಾಗಿ ಬಿಡುತ್ತಾರೆ, ನಿಲ್ಲಿಸುವುದು, ಫೋಟೊ ತೆಗೆಯುವುದು ಎರಡೂ ಅಪರಾಧ. ಅದನ್ನು ಕೈಬಿಡಿ ಎಂಬುದೇ ನಮ್ಮ ಸಲಹೆ. ಮನುಷ್ಯರ ಮನೆಯಂಗಳವನ್ನು ಕಿಟಕಿಯಿಂದ ಇಣುಕುತ್ತ ಹೋಗುವ ಪ್ರಯಾಣ ವಿದ್ಯಾರ್ಥಿಗಳಿಗೆ ಬೇಡ.

ನಮ್ಮವರು ಮರೆಯುವ ಇನ್ನೊಂದು ಸಂಗತಿ ಸೂರ್ಯನದು. ಮಡಿಕೇರಿಯೂ ಸ್ವರಾಜ್ ದ್ವೀಪವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಎರಡೂ 12 ಡಿಗ್ರಿ ಉತ್ತರದ ಆಸುಪಾಸು. ಆದರೆ ಆ ದ್ವೀಪ ನಮ್ಮಿಂದ 17 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಅಲ್ಲಿ ಹೊತ್ತು ನಮಗಿಂತ ಸುಮಾರು 69 ನಿಮಿಷ ಮೊದಲೇ ಮೂಡಿ ಮೊದಲೇ ಮುಳುಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲ ಸೂರ್ಯಾಸ್ತ. 'ನಾಲ್ಕೂವರೆಗೆ ಕಾಫಿ ಕುಡಿದು ಹೊರಡೋಣ' ಎಂದರೆ ರಾಧಾನಗರ ತಲುಪುವಾಗ ಕತ್ತಲೆ. ಬೆಳಿಗ್ಗೆ 5.30ಕ್ಕೆ ಎಬ್ಬಿಸಿ, 7ಕ್ಕೆ ನೀರಿನ ಬಳಿ ಇರಿ. ಮಧ್ಯಾಹ್ನ 3ಕ್ಕೆ ಮತ್ತೆ ಹೊರಡಿ.

ಗುಂಪನ್ನು ಜೋಡಿಗಳಾಗಿ ಕಟ್ಟಿ, ಒಬ್ಬರು ನಮ್ಮವರು, ಒಬ್ಬರು ಅವರು. 15 ಮತ್ತು 9 ಆದ್ದರಿಂದ ಆರು ಮಕ್ಕಳು ಉಳಿಯುತ್ತಾರೆ, ಅವರು ತಮ್ಮಲ್ಲೇ ಮೂರು ಜೋಡಿಯಾಗಲಿ. ಪ್ರತಿಯೊಬ್ಬರಿಗೂ 1ರಿಂದ 24ರವರೆಗೆ ಒಂದು ಸಂಖ್ಯೆ ಕೊಟ್ಟು ಪ್ರತಿ ಸಲ ಅವರಿಂದಲೇ ಕೂಗಿಸಿ. ಹಡಗು ಹತ್ತುವ ಜೆಟ್ಟಿಯ ಗದ್ದಲದಲ್ಲಿ ತಲೆ ಎಣಿಸಿದರೆ ಒಬ್ಬರನ್ನು ಎರಡು ಸಲ ಎಣಿಸುವುದು ಖಂಡಿತ. ಸಂಖ್ಯೆ ಕೂಗಿಸಿದರೆ ಮೌನವಾದ ಸಂಖ್ಯೆ ಯಾರದೆಂದು ಕೂಡಲೇ ಗೊತ್ತಾಗುತ್ತದೆ.

2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದಮೇಲೆ ಅಂತರ್ಜಾಲ ಸುಧಾರಿಸಿದೆ. ಆದರೂ ಸಣ್ಣ ದ್ವೀಪಗಳಲ್ಲಿ ಫೋನ್‌ನಿಂದ ಹಣ ಹೋಗದೆ ನಿಲ್ಲುವುದುಂಟು, ಎಟಿಎಂ ಬೆರಳೆಣಿಕೆಯಷ್ಟು. ಹೊರದ್ವೀಪದ ಖರ್ಚಿನ ಅರ್ಧದಷ್ಟಾದರೂ ನಗದು ಇಬ್ಬರು ಶಿಕ್ಷಕರ ಬಳಿ ಬೇರೆ ಬೇರೆಯಾಗಿ ಇರಲಿ.

ಪ್ರಶ್ನೆ: ಫಿನ್ಲೆಂಡಿನ ಹುಡುಗಿಯೊಬ್ಬಳು ನಮ್ಮ ಮನೆಯಲ್ಲಿದ್ದಾಳೆ. ಕಾಫಿ ಕಣದಲ್ಲಿ ಅರ್ಧ ಗಂಟೆ ನಿಂತರೂ ಮುಖ ಕೆಂಪಾಗುತ್ತದೆ. ಅವಳ ಜೊತೆ ನನ್ನ ಮಗಳೂ ಅಂಡಮಾನ್‌ಗೆ ಹೊರಟಿದ್ದಾಳೆ. ಬಿಸಿಲಿಗೆ ಏನು ಕಟ್ಟಿಕೊಡಲಿ?
ಗೃಹಿಣಿ, ವಿರಾಜಪೇಟೆ

ಮೊದಲು ಬಟ್ಟೆ, ಆಮೇಲೆ ಕ್ರೀಮು. ಉದ್ದ ತೋಳಿನ ಈಜುಡುಗೆಯ ಮೇಲಂಗಿ ಇಬ್ಬರಿಗೂ ಎರಡೆರಡು, ಮೊಣಕಾಲು ಮುಚ್ಚುವ ಬಿಗಿ ಚಡ್ಡಿ, ಗದ್ದಕ್ಕೆ ದಾರ ಕಟ್ಟುವ ಅಗಲ ಅಂಚಿನ ಟೋಪಿ. ಹತ್ತಿಯ ಟೀ ಶರ್ಟ್ ಒದ್ದೆಯಾದರೆ ಬಿಸಿಲನ್ನು ಒಳಬಿಡುತ್ತದೆ, ಒಣಗುವುದೂ ನಿಧಾನ.

ಕ್ರೀಮು ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 50, ನೀರಿಗೆ ತಡೆಯುವಂಥದ್ದು. ಜನ ತಪ್ಪುವುದು ಪ್ರಮಾಣದಲ್ಲಿ. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ನೀರಿಂದ ಎದ್ದು ಮೈ ಒರೆಸಿಕೊಂಡರೂ ಮತ್ತೆ. ದಿನಕ್ಕೆ ಮೂರು ಸಲ, ಐದು ದಿನ ಎಂದರೆ 450 ಮಿಲಿ. ಮೇಲಂಗಿ, ಚಡ್ಡಿ ತೊಟ್ಟರೆ ಉಳಿಯುವುದು ಮುಖ, ಕತ್ತು, ಕೈ, ಮೀನಖಂಡ, ಪಾದ ಮಾತ್ರ. ಆಗ ಒಬ್ಬರಿಗೆ 150–200 ಮಿಲಿ ಸಾಕು. ಹೊರಡುವ 15–20 ನಿಮಿಷ ಮೊದಲು ಹಚ್ಚಲಿ. ಕಿವಿಯ ಹಿಂಬದಿ, ಬೈತಲೆ, ಪಾದದ ಮೇಲ್ಭಾಗ, ಮೊಣಕಾಲಿನ ಹಿಂಭಾಗ ಇವೇ ಸುಡುವ ಜಾಗಗಳು. ಸ್ನಾರ್ಕೆಲಿಂಗ್‌ನಲ್ಲಿ ಬೋರಲಾಗಿ ತೇಲುವುದರಿಂದ ಕಾಲಿನ ಹಿಂಭಾಗ ಇಡೀ ಹೊತ್ತು ಸೂರ್ಯನಿಗೆ ಎದುರಾಗಿರುತ್ತದೆ. ನೀರು ತಣ್ಣಗಿರುವುದರಿಂದ ಸುಡುವುದು ಗೊತ್ತಾಗದು.

ಮೇಲೆ ಹೇಳಿದ 69 ನಿಮಿಷ ಇಲ್ಲಿಯೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೊಂದೂಕಾಲಿಗೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ನೆರಳಲ್ಲಿ ಇರಬೇಕು. ಗಡಿಯಾರ ನೋಡಿ 'ಇನ್ನೂ ಒಂಬತ್ತೂವರೆ, ಎಳೆಬಿಸಿಲು' ಎಂದುಕೊಂಡರೆ ಸಂಜೆಗೆ ಬೆನ್ನು ಉರಿಯುತ್ತದೆ. ಉರಿದರೆ ತಣ್ಣೀರಿನ ಬಟ್ಟೆ ಹಾಕಿ, ಮಂಜುಗಡ್ಡೆ ಬೇಡ. ಗುಳ್ಳೆ ಒಡೆಯಬಾರದು. ಮರುದಿನ ಅವಳು ನೀರಿಗಿಳಿಯದೆ ನೆರಳಲ್ಲೇ ಇರಲಿ.

ನಿಮ್ಮ ಮಗಳಿಗೂ ಇಷ್ಟೇ ಕಟ್ಟಿಕೊಡಿ. ಮೈಬಣ್ಣ ಸ್ವಲ್ಪ ಕಾಯುತ್ತದೆ ನಿಜ, ಆದರೆ ಮಡಿಕೇರಿ, ವಿರಾಜಪೇಟೆಯ ಮಂಜಿನಲ್ಲಿ ಬೆಳೆದ ಮಕ್ಕಳು ಆ ಸೆಖೆಗೆ ವಿದೇಶಿ ಮಕ್ಕಳಷ್ಟೇ ಸುಸ್ತಾಗುತ್ತಾರೆ. ಒಆರ್‌ಎಸ್ ಪೊಟ್ಟಣ ಆರಾರು ಇರಲಿ, ದೊಡ್ಡ ಪೊಟ್ಟಣವಾದರೆ ಒಂದಕ್ಕೆ ಒಂದು ಲೀಟರ್ ನೀರು. ಅರ್ಧ ಲೀಟರಿಗೇ ಕಲಸಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಹಾದ ಚಮಚ, ಗೋಪುರ ಮಾಡಬಾರದು.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಜೊತೆಗಿರುವ ಜರ್ಮನಿಯ ಗೆಳೆಯರೆಲ್ಲ ಸ್ಕೂಬಾ ಮಾಡುತ್ತಾರಂತೆ. ನಾನು ಮಾಡಬಹುದೇ?
ಪದವಿ ವಿದ್ಯಾರ್ಥಿ, ಗೋಣಿಕೊಪ್ಪ

ಮಾಡಬಹುದು. ಪ್ರಮಾಣಪತ್ರವಿಲ್ಲದವರಿಗೆ ಮಾಡಿಸುವ ಪರಿಚಯದ ಡೈವ್‌ಗೆ ಈಜು ಬರಲೇಬೇಕೆಂದಿಲ್ಲ. ಬೋಧಕ ಪೂರ್ತಿ ಹೊತ್ತು ನಿಮ್ಮ ಸಿಲಿಂಡರ್ ಹಿಡಿದೇ ಇರುತ್ತಾರೆ, ಆಳದ ಮಿತಿ 12 ಮೀಟರ್. ಈಜಿಗಿಂತ ಮುಖ್ಯವಾದದ್ದು ಕಿವಿ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿರುವುದರ ಎರಡರಷ್ಟಾಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದೇ ಸಂಗತಿ ನೀರಿನಲ್ಲಿ ಒಂದೆರಡು ಮೀಟರಿನಲ್ಲೇ ಆಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ನೋವು ಬರುವ ಮೊದಲೇ, ಪ್ರತಿ ಅರ್ಧ–ಒಂದು ಮೀಟರಿಗೊಮ್ಮೆ. ನೋವು ಬಂದಮೇಲೆ ಜೋರಾಗಿ ಊದಿದರೆ ಕಿವಿತಮಟೆಗೆ ಪೆಟ್ಟು. ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಆಗಲೂ ಬಿಡದಿದ್ದರೆ ಆ ದಿನ ಡೈವ್ ಬೇಡ. ಇದನ್ನು ಮನೆಯಲ್ಲೇ ಕಲಿತುಕೊಂಡು ಹೋಗಿ.

ಇನ್ನೊಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ: ನೀರೊಳಗೆ ಉಸಿರು ಹಿಡಿಯಬಾರದು. ಕೆಳಗೆ ಎಳೆದುಕೊಂಡ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ, ಉಸಿರು ಕಟ್ಟಿ ಏರಿದರೆ ಶ್ವಾಸಕೋಶವೇ ಹರಿಯಬಹುದು. ಬಾಯಲ್ಲೇ, ನಿಧಾನವಾಗಿ, ನಿಲ್ಲಿಸದೆ ಉಸಿರಾಡುತ್ತಿರಿ.

ಮೊದಲು ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ಉಬ್ಬಸ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. 'ಹೌದು' ಎಂದು ಬರೆದರೆ ವೈದ್ಯರ ಪತ್ರ ಕೇಳುತ್ತಾರೆ, ಅದನ್ನು ಊರಿನಿಂದಲೇ ತನ್ನಿ. ನೆಗಡಿ ಇದ್ದವರು ಇಳಿಯಲೇಬಾರದು. ನಿಮ್ಮ ಗೆಳೆಯರಿಗೂ ಒಂದು ಮಾತು ಹೇಳಿ: ಎಕ್ಸ್‌ಚೇಂಜ್ ವಿದ್ಯಾರ್ಥಿಗಳ ವಿಮೆಯಲ್ಲಿ ಸ್ಕೂಬಾ ಹೊರಗಿಟ್ಟಿರುವುದುಂಟು. ಪಾಲಿಸಿಯಲ್ಲಿ ಆ ಸಾಲನ್ನು ಹುಡುಕಿ ಓದಲಿ.

ಡೈವ್ ಹೇಗೂ ಬೋಧಕರ ಕೈಯಲ್ಲಿದೆ. ಈಜು ಬಾರದವರಿಗೆ ನಿಜವಾದ ಅಪಾಯ ದಡದಲ್ಲಿ ಸೊಂಟಮಟ್ಟ ನೀರಲ್ಲಿ ಆಡುವಾಗ. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಗಾಢವಾಗಿ ಶಾಂತವಾಗಿ ಕಂಡರೆ ಅದು ಸಮುದ್ರದೊಳಕ್ಕೆ ಎಳೆಯುವ ಸೆಳವಿನ ದಾರಿ. ಹೊಳೆಯಲ್ಲಿ ಶಾಂತ ಜಾಗ ಹುಡುಕಿ ಇಳಿಯುವ ನಮ್ಮ ಅಭ್ಯಾಸ ಇಲ್ಲಿ ತಿರುಗುಬಾಣ. ಸೆಳವಿಗೆ ಸಿಕ್ಕವರು ದಡದ ಕಡೆ ಮುಖ ಮಾಡಿ ಹೋರಾಡಬಾರದು. ತೇಲುತ್ತ ಕೈ ಎತ್ತಿ ಕೂಗಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಸರಿದು ಸೆಳವಿಂದ ಹೊರಬಂದಮೇಲೆ ದಡಕ್ಕೆ ತಿರುಗಬೇಕು. ನೀವಂತೂ ಜೀವರಕ್ಷಕರಿರುವ ಜಾಗದಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲೇ ಇರಿ.

ಪ್ರಶ್ನೆ: ಮಾಕುಟ್ಟ ಘಾಟಿಯಲ್ಲೇ ವಾಂತಿ ಮಾಡುವವಳು ನಾನು. ಹಡಗಿನಲ್ಲಿ ಏನು ಗತಿ?
ವಿದ್ಯಾರ್ಥಿನಿ, ಪೊನ್ನಂಪೇಟೆ

ಘಾಟಿಗೆ ತೆಗೆದುಕೊಳ್ಳುವ ಮಾತ್ರೆಯೇ ಹಡಗಿಗೂ ಆಗುತ್ತದೆ. ವೈದ್ಯರನ್ನು ಕೇಳಿ ಹಡಗು ಹೊರಡುವ ಒಂದು–ಎರಡು ಗಂಟೆ ಮೊದಲು ನುಂಗಿ. ಹಡಗು ಅಲುಗಿದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ಕೆಳ ಅಂತಸ್ತಿನಲ್ಲಿ, ಹಡಗಿನ ಮಧ್ಯಭಾಗದಲ್ಲಿ ಸೀಟು ಕೇಳಿ, ತೂಗಾಟ ಅಲ್ಲಿ ಅತಿ ಕಡಿಮೆ. ಫೋನ್ ಒಳಗಿಟ್ಟು ದೂರದ ನೀರಿನಂಚನ್ನು ನೋಡುತ್ತಿರಿ. ಈ ಮಾತ್ರೆಗಳು ನಿದ್ದೆ ತರುತ್ತವೆ, ತೆಗೆದುಕೊಂಡ ದಿನ ಸ್ಕೂಬಾ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅಂಡಮಾನ್ ನಮ್ಮ ಬಜೆಟ್‌ಗೆ ಎಟುಕದು. ಎಕ್ಸ್‌ಚೇಂಜ್ ಗೆಳೆಯರನ್ನು ಮುರುಡೇಶ್ವರಕ್ಕೆ ಕರೆದೊಯ್ದು ನೇತ್ರಾಣಿ ದ್ವೀಪದಲ್ಲಿ ಬೆಳಿಗ್ಗೆ ಡೈವ್ ಮಾಡಿಸಿ ಅದೇ ರಾತ್ರಿ ಮಡಿಕೇರಿಗೆ ಮರಳಬಹುದೇ?
ಯುವಕ ಸಂಘದ ಸದಸ್ಯ, ಸೋಮವಾರಪೇಟೆ

ನೇತ್ರಾಣಿ ಒಳ್ಳೆಯ ಆಯ್ಕೆ. ಅದೇ ರಾತ್ರಿ ಮರಳುವುದು ಮಾತ್ರ ಖಂಡಿತ ಬೇಡ. ಇದು ಕೊಡಗಿನವರಿಗೇ ವಿಶೇಷವಾಗಿ ಅನ್ವಯಿಸುವ ಅಪಾಯ, ಕರಾವಳಿಯ ಡೈವ್ ಅಂಗಡಿಯವರಿಗೆ ಹೇಳಲು ಹೊಳೆಯದೆ ಇರಬಹುದು.

ಒತ್ತಡದ ಗಾಳಿ ಉಸಿರಾಡಿದಾಗ ಸಾರಜನಕ ರಕ್ತದಲ್ಲೂ ಅಂಗಾಂಶದಲ್ಲೂ ಕರಗುತ್ತದೆ. ಮೇಲೆ ಬಂದಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದು ಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಮೈಯೊಳಗೇ ಗುಳ್ಳೆಗಳಾಗಬಹುದು. ಕೀಲುನೋವು, ಜುಮುಗುಡುವಿಕೆ, ತಲೆಸುತ್ತು, ಕೆಟ್ಟರೆ ಪಾರ್ಶ್ವವಾಯು. ಡೈವ್ ಆದಮೇಲೆ ವಿಮಾನ ಹತ್ತಬಾರದು ಎನ್ನುವುದು ಇದಕ್ಕೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸೂಚನೆಯಂತೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು. ಆ ಸೂಚನೆ ಅನ್ವಯಿಸುವುದು 2,000 ಅಡಿ, ಅಂದರೆ ಸುಮಾರು 610 ಮೀಟರ್ ಎತ್ತರದಿಂದ. ಮಡಿಕೇರಿ ಇರುವುದು ಸುಮಾರು 1,150 ಮೀಟರ್‌ನಲ್ಲಿ. ಸಂಪಾಜೆ, ಮಾಕುಟ್ಟ, ಕರಿಕೆಯಂಥ ಘಾಟಿ ಬುಡದ ಊರುಗಳನ್ನು ಬಿಟ್ಟರೆ ಕೊಡಗಿನ ನಮ್ಮ ಪೇಟೆಗಳೆಲ್ಲ ಆ ಗೆರೆಯ ಮೇಲಿವೆ.

ಲೆಕ್ಕ ಹಾಕಿ. ಎರಡನೇ ಡೈವ್ ಮುಗಿದದ್ದು ಮಧ್ಯಾಹ್ನ 1 ಗಂಟೆಗೆ ಎನ್ನಿ. ದೋಣಿ ದಡ ಸೇರಿ, ಊಟ ಮಾಡಿ 3ಕ್ಕೆ ಹೊರಟರೆ ರಾತ್ರಿ 9ರ ಹೊತ್ತಿಗೆ ಸಂಪಾಜೆ ಘಾಟಿ ಹತ್ತುತ್ತಿರುತ್ತೀರಿ. ಡೈವ್ ಮುಗಿದು ಎಂಟೇ ಗಂಟೆ. ಬದಲಿಗೆ ಉಡುಪಿಯಲ್ಲೋ ಮಂಗಳೂರಲ್ಲೋ ತಂಗಿ, ಬೆಳಿಗ್ಗೆ ತಿಂಡಿ ತಿಂದು 8ಕ್ಕೆ ಹೊರಡಿ. 18 ಗಂಟೆ 7ಕ್ಕೇ ತುಂಬಿರುತ್ತದೆ, ಘಾಟಿ ತಲುಪುವುದು ಇನ್ನೂ ತಡ. ಉಡುಪಿಯಲ್ಲಿ ನಿಂತರೆ ಬೆಳಿಗ್ಗೆಯೇ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿಬನ್ನಿ. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದ ಕಾಲದ ಜ್ವಾಲಾಮುಖಿಯಿಂದ ಹೊಮ್ಮಿ, ತಣಿದು, ಷಟ್ಕೋನ ಕಂಬಗಳಾಗಿ ನಿಂತ ಬಂಡೆಗಳು ಅಲ್ಲಿವೆ. ಭೂಗೋಳ ಓದುವ ಮಕ್ಕಳಿದ್ದರೆ ಅವರನ್ನು ದೋಣಿಗೆ ಮರಳಿ ಹತ್ತಿಸುವುದೇ ಕಷ್ಟ. ಅಲ್ಲಿ ಈಜು ಬೇಡ, ಬಂಡೆ ಮೊನಚು, ಪಾಚಿ ಜಾರುತ್ತದೆ. ಎರಡೂ ದ್ವೀಪಗಳ ದೋಣಿ ಮಳೆಗಾಲದಲ್ಲಿ ನಿಲ್ಲುತ್ತದೆ.

ಡೈವ್ ಆದ ಮರುದಿನ ಕೀಲುನೋವು, ಮರಗಟ್ಟುವಿಕೆ ಕಂಡರೆ 'ಆಯಾಸ' ಎಂದು ಮಲಗಿಸಬೇಡಿ. ಘಾಟಿ ಹತ್ತದೆ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಿನಲ್ಲೇ ಹೇಳಿ ಆಮ್ಲಜನಕ ಕೊಡಿಸಿ.

ಪ್ರಶ್ನೆ: ಜೆಲ್ಲಿ ಮೀನು ಕಚ್ಚಿದರೆ ವಿನೆಗರ್ ಹಾಕಬೇಕಂತೆ. ಮನೆಯ ಕಾಚಂಪುಳಿ ಕೊಟ್ಟು ಕಳಿಸಲೇ?
ಓದುಗರು, ನಾಪೋಕ್ಲು

ಬೇಡ. ಹೊರಗಿನವರು ಕಾಚಂಪುಳಿಯನ್ನು ಕೊಡಗಿನ ವಿನೆಗರ್ ಎನ್ನುತ್ತಾರೆ, ಆದರೆ ಎರಡರ ಆಮ್ಲ ಬೇರೆ. ಕಾಚಂಪುಳಿ ಹಣ್ಣಿನ ರಸ ಕುದಿಸಿ ಇಳಿಸಿದ್ದು. ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ, ಕೆಲವು ಜಾತಿಯ ಜೆಲ್ಲಿ ಮೀನುಗಳ ಸಿಡಿಯದೆ ಉಳಿದ ವಿಷಕೋಶಗಳನ್ನು ತಡೆಯುವುದು ಅದು. ಕಾಚಂಪುಳಿ ಪಂದಿ ಕರಿಗೇ ಇರಲಿ. ಅಂಗಡಿಯ ಬಿಳಿ ವಿನೆಗರ್ ಅರ್ಧ ಲೀಟರ್ ಗುಂಪಿಗೆ ಸಾಕು. ಕುಟುಕಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ಸಮುದ್ರದ ನೀರಲ್ಲೇ ತೊಳೆದು, ವಿನೆಗರ್ ಸುರಿದು, ಅಂಟಿದ ಎಳೆಗಳನ್ನು ಇಕ್ಕುಳದಿಂದ ತೆಗೆದು, ಆಮೇಲೆ ಚರ್ಮ ತಾಳುವಷ್ಟು ಬಿಸಿನೀರಿನಲ್ಲಿ 20–40 ನಿಮಿಷ ಇಡಬೇಕು. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆ.

ಪ್ರಶ್ನೆ: ಅಲ್ಲಿ ಮೊಸಳೆ ಇದೆಯಂತೆ, ನಿಜವೇ?
ತಂದೆ, ಕುಶಾಲನಗರ

ನಿಜ. ನಮ್ಮ ಕಾವೇರಿಯಲ್ಲಿರುವುದಕ್ಕಿಂತ ದೊಡ್ಡ ಜಾತಿ, ಉಪ್ಪುನೀರಿನದು. ಹ್ಯಾವ್‌ಲಾಕ್‌ನಲ್ಲಿ 2010ರಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಅವು ಹೆಚ್ಚಾಗಿ ಇರುವುದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರಿನಲ್ಲಿ, ತೊರೆಗಳು ಸಮುದ್ರ ಸೇರುವ ಬಾಯಿಯಲ್ಲಿ. ಎಚ್ಚರಿಕೆಯ ಫಲಕ ಇದ್ದಲ್ಲಿ, ತೊರೆಯ ಬಾಯಲ್ಲಿ, ನಸುಕು ಮತ್ತು ಮುಸ್ಸಂಜೆಯಲ್ಲಿ ಇಳಿಯಬಾರದು. ಜೀವರಕ್ಷಕರು ಬೇಡ ಎಂದ ದಿನ ವಾದ ಬೇಡ.

ಪ್ರಶ್ನೆ: ಶಹೀದ್ ದ್ವೀಪದ ಕಲ್ಲಿನ ಕಮಾನಿನ ಕೆಳಗೆ ನಡೆದಾಡಿದ ಫೋಟೊ ನೋಡಿದ್ದೇವೆ. ಕಳೆದ ವರ್ಷ ಹೋದ ತಂಡಕ್ಕೆ ಬರೀ ನೀರೇ ಕಂಡಿತಂತೆ. ಯಾಕೆ?
ವಿದ್ಯಾರ್ಥಿ, ಮಡಿಕೇರಿ

ಅವರು ಉಬ್ಬರದ ಹೊತ್ತಿಗೆ ಹೋಗಿರಬೇಕು. ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರೂಕಾಲು ಗಂಟೆ, ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ, ಏರಿಳಿತ ಸುಮಾರು 2 ಮೀಟರ್. ಕಮಾನಿಗೆ ಪೂರ್ಣ ಇಳಿತಕ್ಕೆ ಒಂದು ಗಂಟೆ ಮೊದಲು ತಲುಪಿ. ಕಲ್ಲು ಚೂಪಾಗಿದೆ, ಹವಾಯಿ ಚಪ್ಪಲಿ ಸಾಲದು, ಹಿಮ್ಮಡಿಗೆ ಪಟ್ಟಿ ಇರುವಂಥದ್ದು ಬೇಕು. ಅದೇ ದ್ವೀಪದ ಭರತ್‌ಪುರ ತೀರಕ್ಕೆ ಇದು ತಲೆಕೆಳಗು: ಇಳಿತದಲ್ಲಿ ಹವಳ ಮೊಣಕಾಲು ಮಟ್ಟಕ್ಕೆ ಬಂದು ಈಜಲಾಗದು, ಸ್ನಾರ್ಕೆಲಿಂಗ್‌ಗೆ ಉಬ್ಬರ ಬೇಕು. ಹೊರಡುವ ಮೊದಲು ಆ ವಾರದ ಉಬ್ಬರವಿಳಿತದ ಪಟ್ಟಿ ಇಳಿಸಿಕೊಂಡು ಅದಕ್ಕೆ ತಕ್ಕಂತೆ ಬೆಳಿಗ್ಗೆ, ಮಧ್ಯಾಹ್ನ ಹಂಚಿ.

ಹವಳದ ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಜೀವ. ನಿಂತರೆ ಅದೂ ಸಾಯುತ್ತದೆ, ನಿಮ್ಮ ಕಾಲಿಗೂ ಬೇಗ ಮಾಯದ ಗಾಯ. ಜನ ನಿಲ್ಲುವುದು ಮುಖವಾಡಕ್ಕೆ ನೀರು ನುಗ್ಗಿ ಗಾಬರಿಯಾದಾಗ. ನೀರು ನುಗ್ಗುವುದು ಅಂಚಿನ ಕೆಳಗೆ ಕೂದಲೋ ಮೀಸೆಯೋ ಸಿಕ್ಕಿದಾಗ. ಕೂದಲನ್ನು ಹಿಂದಕ್ಕೆ ಕಟ್ಟಿ, ಪಟ್ಟಿ ಹಾಕದೆ ಮುಖವಾಡವನ್ನು ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದು ನೋಡಿ. ಕೈ ಬಿಟ್ಟರೂ ಅಂಟಿ ನಿಂತರೆ ಅಳತೆ ಸರಿ.

ಪ್ರಶ್ನೆ: ನೆನಪಿಗೆ ಚಿಪ್ಪು, ಹವಳದ ತುಂಡು ತರಬಹುದೇ? ಗೆಳೆಯರ ಬಳಿ ಡ್ರೋನ್, ಚಾರಣದ ಉಪಗ್ರಹ ಸಂದೇಶ ಯಂತ್ರ ಇವೆ.
ವಿದ್ಯಾರ್ಥಿನಿ, ವಿರಾಜಪೇಟೆ

ಯಾವುದೂ ಬೇಡ. ಹವಳಕ್ಕೂ ಹಲವು ಜಾತಿಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸತ್ತು ದಡಕ್ಕೆ ಬಿದ್ದ ತುಂಡಾದರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೆ ತೊಂದರೆ. ಡ್ರೋನ್ ಅನುಮತಿಯಿಲ್ಲದೆ ಹಾರಿಸಬಾರದು, ಅದು ನೌಕಾನೆಲೆಯ ಪ್ರದೇಶ. ಉಪಗ್ರಹ ಫೋನ್ ಮತ್ತು ಸಂದೇಶ ಯಂತ್ರಗಳಿಗೆ ಭಾರತದಲ್ಲಿ ಪರವಾನಗಿ ಬೇಕು. ಅವರ ದೇಶದಲ್ಲಿ ಬೆಟ್ಟ ಹತ್ತುವವರು ಎಲ್ಲರೂ ಇಟ್ಟುಕೊಳ್ಳುವ ವಸ್ತುವಾದ್ದರಿಂದ ಅವರಿಗೆ ಇದು ಗೊತ್ತಿರುವುದಿಲ್ಲ. ಚೀಲದಲ್ಲಿ ಕಂಡರೆ ವಿಮಾನ ನಿಲ್ದಾಣದಲ್ಲೇ ಪೊಲೀಸರಿಗೆ ಒಪ್ಪಿಸುತ್ತಾರೆ. ಹೊರಡುವ ಹಿಂದಿನ ದಿನ ನೀವೇ ಗೆಳೆತನದಿಂದ ಕೇಳಿ ತೆಗೆಸಿಡಿ.

ಪ್ರಶ್ನೆ: ರಾತ್ರಿ ಮಿನುಗುವ ಸಮುದ್ರ ನೋಡಲು ಯಾವ ದಿನ ಹೋಗಬೇಕು?
ವಿದ್ಯಾರ್ಥಿಗಳ ಗುಂಪು, ಪೊನ್ನಂಪೇಟೆ

ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕೈದು ದಿನ. ನೀರನ್ನು ಕಲಕಿದಾಗ ನೀಲಿಯಾಗಿ ಬೆಳಗುವ ಸೂಕ್ಷ್ಮಜೀವಿಗಳು ಅವು. ಬೆಳದಿಂಗಳಿದ್ದರೆ ಬೆಳಕು ಕಾಣದು. ಸ್ವರಾಜ್ ದ್ವೀಪದಲ್ಲಿ ಮಾರ್ಗದರ್ಶಕರು ರಾತ್ರಿ ಕಯಾಕ್ ಎಂಬ ಸಣ್ಣ ಹುಟ್ಟುದೋಣಿಯಲ್ಲಿ ಕರೆದೊಯ್ಯುತ್ತಾರೆ. ಲೈಫ್ ಜಾಕೆಟ್ ಕೊಡದವರ ಜೊತೆ ಹೋಗಬೇಡಿ, ಕೊಟ್ಟದ್ದನ್ನು ಸಡಿಲವಾಗಿ ತೊಡಬೇಡಿ. ಭುಜದ ಬಳಿ ಹಿಡಿದು ಮೇಲಕ್ಕೆಳೆದರೆ ಕಿವಿಯ ತನಕ ಏರಬಾರದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 15–20 ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಫೋನ್ ತೆರೆಯಬಾರದು, ಒಬ್ಬರ ಪರದೆ ಬೆಳಗಿದರೂ ಎಲ್ಲರ ಕಣ್ಣು ಮತ್ತೆ ಮೊದಲಿನಿಂದ. ಫೋನ್ ಕ್ಯಾಮೆರಾಕ್ಕೆ ಅದು ಸರಿಯಾಗಿ ಸಿಗುವುದೂ ಇಲ್ಲ. ಕೈಯನ್ನು ನೀರಲ್ಲಿ ಇಳಿಸಿ ಬೆರಳುಗಳನ್ನು ನಿಧಾನವಾಗಿ ಆಡಿಸಿ ನೋಡಿ.